ತಗಡಿನ ಕೆಳಗೆ ಥರ್ಮಾಕೋಲ್ ಅಂಟಿಸುವ ಮುನ್ನ: ಕರಾವಳಿಯ ಶೆಡ್ಡು ಮಳೆಯಿಲ್ಲದೆಯೂ ಯಾಕೆ ಸೋರುತ್ತೆ?

ಡಿಸೆಂಬರ್ ತಿಂಗಳು. ಹೊನ್ನಾವರದಲ್ಲಿ ಮಳೆ ನಿಂತು ಎಷ್ಟೋ ದಿನವಾಗಿರುತ್ತೆ. ಆದರೂ ಬೆಳಗಿನ ಜಾವ ತಗಡಿನ ಶೆಡ್ಡಿನೊಳಗೆ ಮಲಗಿದವರ ಮುಖದ ಮೇಲೆ ತಣ್ಣಗೆ ಹನಿ ಬೀಳುತ್ತೆ. ಮನೆಯವರು ವೆಲ್ಡರನ್ನ ಕರೆಸ್ತಾರೆ. ಆತ ಮಾಡು ಹತ್ತಿ, ಎರಡು ಸ್ಕ್ರೂ ಬಿಗಿದು, ನಾಲ್ಕು ಕಡೆ ಎಂ-ಸೀಲ್ ಮೆತ್ತಿ ಇಳೀತಾನೆ. ಮರುದಿನ ಬೆಳಗ್ಗೆ ಮತ್ತೆ ಹನಿ. ವೆಲ್ಡರನ ತಪ್ಪೇನೂ ಇಲ್ಲ. ಆ ನೀರು ಮೇಲಿನಿಂದ ಬಂದದ್ದೇ ಅಲ್ಲ. ಶೆಡ್ಡಿನೊಳಗಿನ ಗಾಳಿಯೇ ಬಿಟ್ಟ ನೀರು ಅದು.

ಇದು ಹಳೇ ತೊಂದರೆ. ಈಗ ಯಾಕೆ ಮಾತಾಡಬೇಕು ಅಂದ್ರೆ, ಕರಾವಳಿಯಲ್ಲಿ ಶೆಡ್ಡಿನ ಒಳಗಡೆ ಏನಾದರೂ ಅಂಟಿಸುವ ಕೆಲಸ ಜೋರಾಗಿ ನಡೀತಿದೆ. 2025ರ ಫೆಬ್ರವರಿ ಕೊನೆಯ ವಾರದಲ್ಲೇ ಹವಾಮಾನ ಇಲಾಖೆ ಕರ್ನಾಟಕದ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಬೇಸಿಗೆ ಇನ್ನೂ ಶುರುವೇ ಆಗಿರಲಿಲ್ಲ. ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಗೆ 40 ಡಿಗ್ರಿ ದಾಟಬೇಕು, ಕರಾವಳಿಗೆ 37 ಡಿಗ್ರಿ ದಾಟಿ ವಾಡಿಕೆಗಿಂತ ಸಾಕಷ್ಟು ಹೆಚ್ಚಿದ್ದರೆ ಬಿಸಿಗಾಳಿ ಅಂತ ಕರೀತಾರೆ. ಅಂಥ ಮಧ್ಯಾಹ್ನ ತಗಡು 60 ಡಿಗ್ರಿ ದಾಟಿ ಕಾಯುತ್ತೆ. ಒಳಗಿರೋರು ಥರ್ಮಾಕೋಲ್, ಬಬಲ್ ಶೀಟ್, ಪಿವಿಸಿ ಸೀಲಿಂಗ್ ಅಂತ ಕೈಗೆ ಸಿಕ್ಕಿದ್ದನ್ನ ಹಾಕಿಸ್ಕೊಳ್ತಾರೆ. ಒಂದು ಮಳೆಗಾಲ ಕಳೆದು ಬಿಚ್ಚಿ ನೋಡಿದ್ರೆ ತಗಡಿಗೆ ತುಕ್ಕು, ರೀಪಿಗೆ ಬೂಸ್ಟು, ಥರ್ಮಾಕೋಲಿನೊಳಗೆ ಇರುವೆ ಗೂಡು.

ಶೆಡ್ಡು ಅಂದ್ರೆ ಹಿತ್ತಲಿನ ಸೌದೆ ಕೊಟ್ಟಿಗೆ ಮಾತ್ರ ಅಂದ್ಕೋಬೇಡಿ. ಬೋಟಿನಲ್ಲಿ ದುಡಿಯೋಕೆ ಒಡಿಶಾ, ಜಾರ್ಖಂಡದಿಂದ ಬಂದವರು ರಾತ್ರಿ ಮಲಗೋದು, ಹೆದ್ದಾರಿ ಅಗಲವಾದಾಗ ಜಾಗ ಕಳೆದುಕೊಂಡ ಅಂಗಡಿ ಮತ್ತೆ ಬಾಗಿಲು ತೆಗೆದದ್ದು, ಒಣಮೀನು ಮಾರುವ ಹೆಂಗಸರು ಮಳೆಗಾಲದ ದಾಸ್ತಾನು ಇಡೋದು, ಎಲ್ಲಾ ತಗಡಿನ ಕೆಳಗೇ. ಮನೆಯ ಹಂಚು ಇಳಿಸಿ ಕಲರ್ ಶೀಟ್ ಹಾಕಿದವರೂ ಈಗ ಈ ಪಟ್ಟಿಯಲ್ಲಿದ್ದಾರೆ. ಮಂಗ ಹಂಚು ಒಡೆಯುತ್ತೆ, ವರ್ಷಕ್ಕೊಮ್ಮೆ ಹಂಚು ಕೈಯಾಡಿಸೋಕೆ ಜನ ಸಿಗಲ್ಲ, ಇನ್ನೇನು ಮಾಡ್ತಾರೆ?

ಗಾಳಿಯ ಹೊಟ್ಟೆಯಲ್ಲಿರುವ ನೀರು

ಇಂಜಿನಿಯರಿಂಗ್ ಓದುವಾಗ ಸೈಕ್ರೋಮೆಟ್ರಿಕ್ ಚಾರ್ಟ್ ಅಂತ ಒಂದಿತ್ತು. ಪರೀಕ್ಷೆಯ ಹತ್ತು ಅಂಕಕ್ಕೆ ಗೆರೆ ಎಳೆದು ಮರೆತುಬಿಡೋ ಚಾರ್ಟು. ಕರಾವಳಿಯಲ್ಲಿ ಬದುಕೋರಿಗೆ ಅದಕ್ಕಿಂತ ಉಪಯೋಗದ ಚಿತ್ರ ಇನ್ನೊಂದಿಲ್ಲ ಅಂತ ಈಗ ಅನ್ಸುತ್ತೆ. ಅದರ ತಿರುಳು ಇಷ್ಟೇ: ಗಾಳಿ ಬಿಸಿಯಿದ್ದಷ್ಟೂ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಮಿಕ್ಕಿದ್ದು ಎಲ್ಲಿ ತಣ್ಣಗಿದೆಯೋ ಅಲ್ಲಿ ಹನಿಯಾಗಿ ಕೂರುತ್ತೆ.

ಯಾವ ಉಷ್ಣಾಂಶಕ್ಕೆ ಇಳಿದಾಗ ಹನಿ ಕಟ್ಟೋಕೆ ಶುರುವಾಗುತ್ತೋ ಅದೇ ಇಬ್ಬನಿ ಬಿಂದು. ಇದನ್ನ ಲೆಕ್ಕ ಹಾಕೋಕೆ ಚಾರ್ಟ್ ಬೇಡ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೋಮೀಟರ್ ಗೋಡೆಗೆ ನೇತುಹಾಕಿ. ಆರ್ದ್ರತೆ ಶೇ. 100ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನ 5ರಿಂದ ಭಾಗಿಸಿ, ಬಂದದ್ದನ್ನ ಉಷ್ಣಾಂಶದಿಂದ ಕಳೆಯಿರಿ. ಉಷ್ಣಾಂಶ 30, ಆರ್ದ್ರತೆ ಶೇ. 80 ಇದ್ದರೆ ಕೊರತೆ 20, ಭಾಗಿಸಿದರೆ 4, ಇಬ್ಬನಿ ಬಿಂದು 26. ಆರ್ದ್ರತೆ ಶೇ. 50ಕ್ಕಿಂತ ಮೇಲಿರುವವರೆಗೆ ಈ ಲೆಕ್ಕ ಸುಮಾರಾಗಿ ಸರಿಬರುತ್ತೆ. ಹೊನ್ನಾವರದಲ್ಲಿ ಅದಕ್ಕಿಂತ ಕೆಳಗೆ ಹೋಗೋದೇ ಅಪರೂಪ ಬಿಡಿ.

ಈಗ ಆ ಡಿಸೆಂಬರ್ ರಾತ್ರಿಗೆ ಬನ್ನಿ. 10 ಅಡಿ ಅಗಲ, 20 ಅಡಿ ಉದ್ದದ ಶೆಡ್ಡು, ಒಳಗೆ ನಾಲ್ಕು ಜನ. ಮಲಗಿರುವ ಒಬ್ಬ ಮನುಷ್ಯ ಉಸಿರು, ಬೆವರು ಸೇರಿ ಗಂಟೆಗೆ ಸುಮಾರು 40 ಗ್ರಾಂ ನೀರು ಗಾಳಿಗೆ ಬಿಡ್ತಾನೆ. ಎಂಟು ಗಂಟೆಯಲ್ಲಿ ನಾಲ್ಕು ಜನರಿಂದ ಒಂದೂಕಾಲು ಲೀಟರ್ ದಾಟುತ್ತೆ. ಮಲಗೋ ಮುಂಚೆ ಅಲ್ಲೇ ಗ್ಯಾಸಿನಲ್ಲಿ ಅಡುಗೆ ಮಾಡಿದ್ರೆ ಇನ್ನಷ್ಟು: ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತೆ. ಗಂಜಿ ಕುದ್ದ ಆವಿ ಬೇರೆ. ಒಣಹಾಕಿದ ಬಟ್ಟೆ ಬೇರೆ.

ಒಳಗೆ 26 ಡಿಗ್ರಿ, ಆರ್ದ್ರತೆ ಶೇ. 80 ಅಂತಿಟ್ಕೊಳ್ಳಿ. ಇಬ್ಬನಿ ಬಿಂದು 22. ಹೊರಗೆ 21 ಡಿಗ್ರಿ. ಆಕಾಶ ತಿಳಿಯಾಗಿದ್ರೆ ತಗಡು ತನ್ನ ಬಿಸಿಯನ್ನ ನೇರ ಆಕಾಶಕ್ಕೆ ಬಿಟ್ಟು, ಸುತ್ತಲಿನ ಗಾಳಿಗಿಂತಲೂ ಎರಡು ಮೂರು ಡಿಗ್ರಿ ತಣ್ಣಗಾಗುತ್ತೆ. ಅಂದ್ರೆ 18. ಒಳಗಿನ ಗಾಳಿಗೆ ಆ ತಗಡು ಐಸ್‌ನೀರಿನ ಲೋಟ ಇದ್ದ ಹಾಗೆ. ಬೆವರದೆ ಇರೋಕೆ ಸಾಧ್ಯವೇ ಇಲ್ಲ.

ಹಂಚಿನ ಮಾಡಿನಲ್ಲಿ ಹೀಗೆ ಯಾಕೆ ಆಗ್ತಿರಲಿಲ್ಲ? ಹಂಚು ಹಂಚಿನ ನಡುವಿನ ಸಂದಿಯಲ್ಲಿ ಗಾಳಿ ಸದಾ ಆಡುತ್ತೆ. ಸುಟ್ಟ ಮಣ್ಣು ರಾತ್ರಿ ಸ್ವಲ್ಪ ತೇವ ಕುಡಿದು ಹಗಲು ಬಿಟ್ಟುಕೊಡುತ್ತೆ, ಹನಿ ಕಟ್ಟೋವರೆಗೆ ಹೋಗಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಇಡೀ ತೀರ ಕೆಂಪಾಯ್ತು. ಅದಕ್ಕೂ ಮುಂಚಿನ ಸೋಗೆ, ಹುಲ್ಲಿನ ಮಾಡೂ ಇದೇ ಕೆಲಸ ಮಾಡ್ತಿತ್ತು. ಜೊತೆಗೆ ಅಡುಗೆಮನೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಮರ, ಅಡಿಕೆ, ಬೀಜದ ಭತ್ತ ಎಲ್ಲವನ್ನೂ ಬೆಚ್ಚಗೆ ಇಡ್ತಿತ್ತು. ಆ ಹೊಗೆ ಅಡುಗೆ ಮಾಡುವ ಹೆಂಗಸಿನ ಶ್ವಾಸಕೋಶಕ್ಕೂ ಹೋಗ್ತಿತ್ತು ಅನ್ನೋದನ್ನ ಮಾತ್ರ 'ನಮ್ಮ ಹಿರಿಯರ ಜ್ಞಾನ' ಅಂತ ಪೋಸ್ಟ್ ಹಾಕೋರು ಹೇಳಲ್ಲ.

ಅಂಟಿಸಿದ ಮೇಲೆ ಏನಾಗುತ್ತೆ

ಮೇಲಿನ ಲೆಕ್ಕದ ಪ್ರಕಾರ ಇನ್ಸುಲೇಷನ್ ಹನಿಯನ್ನ ನಿಲ್ಲಿಸಬೇಕು. ಸರಿಯಾಗಿ ಹಾಕಿದ್ರೆ ನಿಲ್ಲಿಸುತ್ತೆ ಕೂಡ. ತಗಡಿಗೆ ಒಂದು ಇಂಚಿನ ಥರ್ಮಾಕೋಲ್ ಒತ್ತಿ ಕೂತಿದ್ದರೆ, ಅದೇ ರಾತ್ರಿ ಅದರ ಒಳಮೈ 25 ಡಿಗ್ರಿ ಆಸುಪಾಸು ಇರುತ್ತೆ. ಇಬ್ಬನಿ ಬಿಂದು 22. ಹನಿ ಕಟ್ಟಲ್ಲ.

ತೊಂದರೆ ಇರೋದು 'ಒತ್ತಿ ಕೂತಿದ್ದರೆ' ಅನ್ನೋ ಮಾತಿನಲ್ಲಿ. ತಗಡು ಅಲೆಅಲೆಯಾಗಿದೆ, ಥರ್ಮಾಕೋಲ್ ಹಾಳೆ ಚಪ್ಪಟೆ. ನಡುವೆ ಸಂದಿ ಉಳಿದೇ ಉಳಿಯುತ್ತೆ. ಹಾಳೆ ಹಾಳೆಯ ಮಧ್ಯೆ, ಪರ್ಲಿನ್ ಪಕ್ಕ, ವೈರ್ ಹೋದ ತೂತಿನಲ್ಲಿ ಗಾಳಿ ನುಗ್ಗುತ್ತೆ. ಹಾಗೆ ನುಗ್ಗಿದ ತೇವದ ಗಾಳಿಗೆ ಸಿಗೋ ತಗಡು ಮೊದಲಿಗಿಂತಲೂ ತಣ್ಣಗಿರುತ್ತೆ, ಯಾಕಂದ್ರೆ ಕೋಣೆಯ ಬಿಸಿ ಈಗ ಅದಕ್ಕೆ ತಲುಪ್ತಿಲ್ಲ. ಮೊದಲು ಹನಿ ಕಣ್ಣೆದುರು ಬೀಳ್ತಿತ್ತು, ಬೆಳಗಾದ ಮೇಲೆ ಒಣಗ್ತಿತ್ತು. ಈಗ ಕಾಣದ ಜಾಗದಲ್ಲಿ ಕಟ್ಟಿ ಅಲ್ಲೇ ಉಳಿಯುತ್ತೆ. ಕಾಯಿಲೆ ಹೋಗಲಿಲ್ಲ, ಒಳಗೆ ಹೊಕ್ಕಿತು.

ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರುತ್ತೆ. ಸಮುದ್ರದ ಗಾಳಿ ತಂದ ಉಪ್ಪಿನ ಪುಡಿ ತಗಡಿನ ಸಂದಿಯಲ್ಲಿ ಕೂತಿರುತ್ತೆ. ಅಡುಗೆ ಉಪ್ಪು ಆರ್ದ್ರತೆ ಶೇ. 75 ದಾಟಿದ್ರೆ ಗಾಳಿಯಿಂದಲೇ ನೀರು ಎಳೆದು ಕರಗುತ್ತೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರೋದರಿಂದ ಇನ್ನೂ ಕಡಿಮೆ ಆರ್ದ್ರತೆಗೇ ಒದ್ದೆಯಾಗುತ್ತೆ. ಬಿಸಿಲಿಗೆ ತೆರೆದ ತಗಡಿನ ಉಪ್ಪನ್ನ ಮಳೆ ತೊಳೆದುಬಿಡುತ್ತೆ. ಥರ್ಮಾಕೋಲಿನ ಹಿಂದೆ ಸೇರಿದ ಉಪ್ಪನ್ನ ತೊಳೆಯೋರು ಯಾರು? ಅದಕ್ಕೇ ಮೇಲಿಂದ ನೋಡಿದ್ರೆ ಹೊಸದರಂತಿರೋ ಶೀಟು ಕೆಳಗಿಂದ ಜರಡಿಯಾಗಿರುತ್ತೆ.

ವಸ್ತುವಿನ ಆಯ್ಕೆ ಬಗ್ಗೆ ಎರಡು ಮಾತು. ಗ್ಲಾಸ್‌ವೂಲ್, ರಾಕ್‌ವೂಲ್ ಕೆಲಸ ಮಾಡೋದು ಎಳೆಗಳ ನಡುವೆ ನಿಂತ ಗಾಳಿಯಿಂದ. ನೀರು ಬಿಸಿಯನ್ನ ಆ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ದಾಟಿಸುತ್ತೆ. ಒದ್ದೆಯಾದ ವೂಲ್ ಇನ್ಸುಲೇಷನ್ ಅಲ್ಲ, ಒದ್ದೆ ಕಂಬಳಿ. ತೆರೆದ ವೂಲನ್ನ ಕರಾವಳಿಯ ಶೆಡ್ಡಿಗೆ ನಾನಂತೂ ಹೇಳಲ್ಲ. ಥರ್ಮಾಕೋಲ್ ನೀರು ಕುಡಿಯೋದು ನಿಧಾನ, ಆದರೆ ಕುಡಿಯುತ್ತೆ, ಹಳೇ ಮೀನಿನ ಪೆಟ್ಟಿಗೆ ಎತ್ತಿ ನೋಡಿದವರಿಗೆ ಗೊತ್ತು. ಎರಡು ತಗಡಿನ ನಡುವೆ ಫೋಮ್ ತುಂಬಿ ಬರುವ ಪಫ್ ಪ್ಯಾನೆಲ್‌ನಲ್ಲಿ ಸಂದಿಯ ತೊಂದರೆ ಕಡಿಮೆ, ಆದರೆ ಜೋಡಣೆಯನ್ನ ಚೆನ್ನಾಗಿ ಸೀಲ್ ಮಾಡಬೇಕು. ಥರ್ಮಾಕೋಲ್, ಫೋಮ್ ಎರಡಕ್ಕೂ ಬೆಂಕಿ ಹತ್ತಿದ್ರೆ ಬರೋ ಹೊಗೆ ವಿಷ. ಒಲೆಯಿರುವ ಶೆಡ್ಡಿನಲ್ಲಿ ಅದು ತೆರೆದು ಕಾಣ್ತಾ ಇರಲೇಬಾರದು. ಹಳೇ ಸಿಮೆಂಟ್ ಶೀಟಿನ ಮಾಡು ತಗಡಿನಷ್ಟು ಬೆವರಲ್ಲ ನಿಜ, ಆದರೆ ಅದರಲ್ಲಿರೋದು ಕಲ್ನಾರು, ಕ್ಯಾನ್ಸರ್ ತರುವ ವಸ್ತು. ಸೀಲಿಂಗ್ ಹೊಡೆಯೋಕೆ ಅಂತ ಅದಕ್ಕೆ ಡ್ರಿಲ್ ಮಾಡಿಸಬೇಡಿ.

ಕೆನಡಾದ ವೀಡಿಯೊ, ಕುಮಟಾದ ಗೋಡೆ

ಶೆಡ್ ಇನ್ಸುಲೇಷನ್ ಅಂತ ಯೂಟ್ಯೂಬಿನಲ್ಲಿ ಹುಡುಕಿದ್ರೆ ಬರೋದು ಬಹುಪಾಲು ಕೆನಡಾ, ಅಮೆರಿಕ, ಬ್ರಿಟನ್ನಿನ ವೀಡಿಯೊಗಳು. ಎಲ್ಲದರಲ್ಲೂ ಒಂದು ದೃಶ್ಯ ಇರುತ್ತೆ: ಮರದ ಚೌಕಟ್ಟಿನೊಳಗೆ ವೂಲ್ ತುಂಬಿ, ಕೋಣೆಯ ಕಡೆಯಿಂದ ಪ್ಲಾಸ್ಟಿಕ್ ಹಾಳೆ ಹೊಡೆದು, ಮೇಲೆ ಪ್ಲೈವುಡ್. ಅಲ್ಲಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಒಳಗೆ ಬಿಸಿ, ತೇವ, ಹೊರಗೆ ಹಿಮ. ನೀರಾವಿ ಒಳಗಿಂದ ಹೊರಗೆ ನುಗ್ಗುತ್ತೆ, ಅದನ್ನ ಒಳಗಡೆಯೇ ತಡೀಬೇಕು.

ನಮ್ಮಲ್ಲಿ ಎಸಿ ಹಾಕಿದ ಶೆಡ್ಡಿನಲ್ಲಿ ಎಲ್ಲಾ ತಿರುಗಾಮುರುಗಾ. ಹೊರಗೆ ಮೇ ತಿಂಗಳ ಗಾಳಿ, ಇಬ್ಬನಿ ಬಿಂದು 26 ಡಿಗ್ರಿ. ಒಳಗೆ ಎಸಿ 22ಕ್ಕೆ. ನೀರಾವಿ ಹೊರಗಿಂದ ಒಳಗೆ ಬರುತ್ತೆ. ಕೋಣೆಯ ಕಡೆ ಪ್ಲಾಸ್ಟಿಕ್, ವಿನೈಲ್ ವಾಲ್‌ಪೇಪರ್ ಅಥವಾ ಪಿವಿಸಿ ಪ್ಯಾನೆಲ್ ಹೊಡೆದಿದ್ದರೆ, ಆ ತೇವ ತಣ್ಣಗಿರುವ ಪ್ಲಾಸ್ಟಿಕ್ಕಿನ ಹಿಂಬದಿಗೆ ಬಂದು ನೀರಾಗಿ ಕೂರುತ್ತೆ. ಅಮೆರಿಕದ ದಕ್ಷಿಣದ ಸೆಖೆಯ ರಾಜ್ಯಗಳ ಹೋಟೆಲುಗಳಲ್ಲಿ ವಿನೈಲ್ ವಾಲ್‌ಪೇಪರ್ ಕಿತ್ತಾಗ ಹಿಂದೆ ಕಪ್ಪು, ಗುಲಾಬಿ ಬೂಸ್ಟು ಸಿಕ್ಕಿದ್ದು ಹೀಗೇ. ಎಸಿ ಇದ್ದರೆ ತಡೆ ಹೊರಗಡೆ ಇರಬೇಕು, ಒಳಗಡೆ ಉಸಿರಾಡೋ ಬಣ್ಣವಷ್ಟೇ. ಮೀನಿನ ಕೋಲ್ಡ್ ಸ್ಟೋರೇಜ್ ಕಟ್ಟುವವರಿಗೆ ಇದು ಪಾಠ ಹೇಳಬೇಕಾದ ವಿಷಯವೇ ಅಲ್ಲ, ಅಲ್ಲಿ ಆವಿ ತಡೆ ಯಾವತ್ತೂ ಬಿಸಿ ಬದಿಯಲ್ಲೇ.

ಎಸಿ ಇಲ್ಲದ ಶೆಡ್ಡಿಗೆ? ಗೋಡೆಗೆ ಪ್ಲಾಸ್ಟಿಕ್ಕೇ ಬೇಡ. ಚಿರೆಕಲ್ಲಿನ ಗೋಡೆ ಇದ್ರಂತೂ ಮುಟ್ಟಬೇಡಿ. ಅದು ಮಳೆಗಾಲದಲ್ಲಿ ಕುಡಿದ ನೀರನ್ನ ಚಳಿಗಾಲದಲ್ಲಿ ಎರಡೂ ಕಡೆಗೆ ಬಿಡಬೇಕು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಗಾರೆ ಉದುರುತ್ತೆ.

ಮನುಷ್ಯರಿಗೆ ಒಳ್ಳೇದು, ಅಡಿಕೆಗೆ ಅಲ್ಲ

ಈ ಭಾಗವನ್ನ ಬಹಳ ಜನ ಯೋಚಿಸಿಯೇ ಇರಲ್ಲ. ಬರೀ ತಗಡಿನ ಶೆಡ್ಡು ಹಗಲು ಕಾಯುತ್ತೆ, ಸರಿ. ಆದರೆ ಆ ಕಾಯುವಿಕೆ ಒಂದು ಪುಕ್ಕಟೆ ಡ್ರೈಯರ್. ಹೊರಗೆ 30 ಡಿಗ್ರಿ, ಆರ್ದ್ರತೆ ಶೇ. 79 ಇರುವ ಗಾಳಿಯೇ ಶೆಡ್ಡಿನೊಳಗೆ 38 ಡಿಗ್ರಿಗೆ ಕಾದರೆ ಅದರ ಆರ್ದ್ರತೆ ಶೇ. 51ಕ್ಕೆ ಇಳಿಯುತ್ತೆ. ನೀರು ಅಷ್ಟೇ ಇದೆ, ಹಿಡಿಯುವ ಸಾಮರ್ಥ್ಯ ಹೆಚ್ಚಾಯ್ತು. ಮಾಡಿಗೆ ಇನ್ಸುಲೇಷನ್ ಹಾಕಿ ಒಳಗೆ 31 ಡಿಗ್ರಿಗೆ ನಿಲ್ಲಿಸಿದರೆ ಮನುಷ್ಯನಿಗೆ ಹಾಯ್ ಅನ್ಸುತ್ತೆ, ಆದರೆ ಆರ್ದ್ರತೆ ಶೇ. 75ರ ಹತ್ತಿರವೇ ಉಳಿಯುತ್ತೆ. ಯಾವುದೇ ಮೇಲ್ಮೈ ಬಳಿ ಶೇ. 80 ದಾಟಿ ದಿನಗಟ್ಟಲೆ ನಿಂತರೆ ಬೂಸ್ಟು ಬರುತ್ತೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಊರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಗಾಳಿಯೇ ಆ ಗೆರೆಯ ಮೇಲಿರುತ್ತೆ.

ಕುಮಟಾ ಎಪಿಎಂಸಿಯ ದರಪಟ್ಟಿ ನೋಡಿದವರಿಗೆ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಅನ್ನೋ ದರ್ಜೆಗಳು ಗೊತ್ತು. ಒಳ್ಳೇ ಚಾಲಿ ಕೆಳಗಿನ ದರ್ಜೆಗೆ ಜಾರೋಕೆ ಒಂದು ಮಳೆಗಾಲದ ಕೆಟ್ಟ ದಾಸ್ತಾನು ಸಾಕು. ಆಹಾರ ಸುರಕ್ಷತಾ ಪ್ರಾಧಿಕಾರ ಅಡಿಕೆಯ ತೇವಾಂಶಕ್ಕೆ ಶೇ. 7ರ ಮಿತಿ ಇಟ್ಟಿದೆ, ಅದನ್ನ ಶೇ. 11ಕ್ಕೆ ಏರಿಸಿ ಅಂತ ಕ್ಯಾಂಪ್ಕೊ ಕೇಳಿದೆ. ಆ ನಾಲ್ಕು ಶೇಕಡಾ ವ್ಯತ್ಯಾಸ ದಿಲ್ಲಿಯ ಕಡತದಲ್ಲಿ ಸಣ್ಣ ಸಂಖ್ಯೆ. ಇಲ್ಲಿ ಗೋದಾಮಿನ ಮಾಡು ಹೇಗಿದೆ ಅನ್ನೋದರ ಮೇಲೆ ನಿಂತಿದೆ.

ಒಣಮೀನಿನ ಕತೆ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನ ಹಸಿ ಮೀನು ಕಡಿಮೆ, ಬೇಸಿಗೆಯಲ್ಲಿ ಕಾಸರಕೋಡ ಟೊಂಕದಂಥ ಮರಳಿನ ಮೇಲೆ ಒಣಗಿಸಿಟ್ಟ ಮೀನು ಮಾರಿ ಎಷ್ಟೋ ಹೆಂಗಸರ ಮನೆ ನಡೆಯುತ್ತೆ. ಉಪ್ಪು ಹಾಕಿದ ಮೀನು ಶೇ. 75 ಆರ್ದ್ರತೆ ದಾಟಿದರೆ ನೀರು ಎಳೆಯುತ್ತೆ, ಮೆತ್ತಗಾಗುತ್ತೆ, ವಾಸನೆ ತಿರುಗುತ್ತೆ. ಟೊಂಕದ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡ್ತಿರೋದನ್ನ ನಾವು ಜಾಗದ ಜಗಳ ಅಂತ ಓದ್ತೀವಿ. ಅಲ್ಲಿ ಕಳೆದುಕೊಳ್ಳುವ ಭಯ ಇರೋದು ಬಿಸಿಲು, ಗಾಳಿ, ಬಿಸಿ ಮರಳು ಮೂರೂ ಸಿಗುವ ಒಂದು ಒಣಗಿಸುವ ಯಂತ್ರದ್ದು ಕೂಡ. 'ಬೇರೆ ಕಡೆ ಶೆಡ್ಡು ಕಟ್ಟಿಸಿ ಕೊಡ್ತೀವಿ' ಅನ್ನುವ ಯಾರೇ ಆಗಲಿ, ಆ ಶೆಡ್ಡಿನೊಳಗೆ ಜುಲೈನಲ್ಲಿ ಆರ್ದ್ರತೆ ಎಷ್ಟಿರುತ್ತೆ ಅಂತ ಕೇಳಿ ನೋಡಿ.

ಹಾಗಾಗಿ ಮೊದಲ ಪ್ರಶ್ನೆ: ಈ ಶೆಡ್ಡು ಯಾರಿಗೆ, ಅಥವಾ ಯಾವುದಕ್ಕೆ? ಮನುಷ್ಯರು ಇರೋದಾದ್ರೆ ಇನ್ಸುಲೇಷನ್ ಬೇಕು, ಗಾಳಿಯೂ ಬೇಕು. ಅಡಿಕೆ, ಭತ್ತ, ಒಣಮೀನು ಇಡೋದಾದ್ರೆ ಹಗಲು ಕಾಯೋಕೆ ಬಿಡಿ, ರಾತ್ರಿ ಹನಿ ಬೀಳದ ಹಾಗೆ ನೋಡ್ಕೊಳ್ಳಿ, ಚೀಲಗಳನ್ನ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಮರದ ಹಲಗೆಯ ಮೇಲಿಡಿ. ಎರಡನ್ನೂ ಒಂದೇ ಶೆಡ್ಡಿನಲ್ಲಿ ಮಾಡೋದಾದ್ರೆ ನಡುವೆ ಗೋಡೆ ಹಾಕಿ.

ನಿಯಮಗಳು ಯಾರಿಗೆ ಬರೆದದ್ದು?

ಕೇಂದ್ರದ ಇಕೋ ನಿವಾಸ ಸಂಹಿತೆ 2018 ಮನೆಯ ಮಾಡಿನಿಂದ ಎಷ್ಟು ಬಿಸಿ ಒಳಬರಬಹುದು ಅಂತ ಮಿತಿ ಹಾಕಿದೆ. ಆದರೆ ಅದನ್ನ ಬರೆದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಕಟ್ಟಡಗಳಿಗೆ. ತಗಡಿನ ಕೆಳಗೆ ಇರೋರು ಅದರ ಲೆಕ್ಕಕ್ಕೇ ಇಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಸೆಕ್ಷನ್ ಕೆಲಸಗಾರರಿಗೆ ಪುಕ್ಕಟೆ ತಾತ್ಕಾಲಿಕ ವಸತಿ, ಬೇರೆ ಅಡುಗೆ ಜಾಗ, ಸ್ನಾನ, ಶೌಚದ ವ್ಯವಸ್ಥೆ ಇರಬೇಕು ಅಂದಿತ್ತು. ಆ ವಸತಿಯ ಮಾಡು ಎಂಥದ್ದಿರಬೇಕು ಅನ್ನೋ ಮಾತು ಆ ಸೆಕ್ಷನ್ನಿನಲ್ಲಿಲ್ಲ. 'ಬೇರೆ ಅಡುಗೆ ಜಾಗ' ಅನ್ನೋ ಒಂದು ಮಾತನ್ನ ಪಾಲಿಸಿದ್ರೂ ಮಲಗುವ ಶೆಡ್ಡಿನ ಅರ್ಧ ತೇವ ಇಳಿದುಬಿಡ್ತಿತ್ತು.

ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಡಿನ ನೀತಿ ತಂದಿದೆ, ಮಾಡಿಗೆ ಬಿಸಿಲು ಹಿಂದೆ ಎಸೆಯುವ ಬಿಳಿ ಲೇಪ ಇತ್ಯಾದಿ. ಕರ್ನಾಟಕವೂ ಹಾಗೇ ಮಾಡಬೇಕು ಅನ್ನೋ ಮಾತು ಕೇಳಿಬರುತ್ತೆ. ನಾನೂ ಪರವೇ. ಆದರೆ ಹೈದರಾಬಾದಿನ ಒಣ ಗಾಳಿಗೆ ಬರೆದದ್ದನ್ನ ಹೊನ್ನಾವರಕ್ಕೆ ಹಾಗೇ ನಕಲು ಮಾಡಿದ್ರೆ ಕಷ್ಟ ಇದೆ. ಬಣ್ಣ ಬಳಿದ ತಗಡು ರಾತ್ರಿ ಬರೀ ತಗಡಿಗಿಂತ ಹೆಚ್ಚು ಬಿಸಿಯನ್ನ ಆಕಾಶಕ್ಕೆ ಬಿಡುತ್ತೆ, ಅಂದ್ರೆ ಇನ್ನೂ ತಣ್ಣಗಾಗುತ್ತೆ, ಇನ್ನೂ ಹೆಚ್ಚು ಬೆವರುತ್ತೆ. ಜೊತೆಗೆ ಇಲ್ಲಿನ ಮಳೆಗಾಲದಲ್ಲಿ ಬಿಳಿ ಬಣ್ಣ ಪಾಚಿ ಹಿಡಿದು ಹಸಿರಾಗುತ್ತೆ, ತೊಳೆಯದಿದ್ರೆ ಮುಂದಿನ ಬೇಸಿಗೆಗೆ ಅದರ ಅರ್ಥವೇ ಇಲ್ಲ. ಕರಾವಳಿಗೆ ಬಣ್ಣದ ಜೊತೆ ಹನಿ ತಡೆಯೂ, ತೊಳೆಯುವ ಖರ್ಚೂ ಅಂದಾಜುಪಟ್ಟಿಯಲ್ಲಿ ಬರಬೇಕು.

ತೇವದ ವಿಷಯ ರಾಜಕೀಯ ಅಲ್ಲ ಅನ್ನೋರು ಬ್ರಿಟನ್ನಿನ ರಾಚ್‌ಡೇಲಿನ ಆವಾಬ್ ಇಶಾಕನ ಪ್ರಕರಣ ಓದಬೇಕು. ಬೂಸ್ಟು ತುಂಬಿದ ಬಾಡಿಗೆ ಫ್ಲ್ಯಾಟಿನಲ್ಲಿದ್ದ ಎರಡು ವರ್ಷದ ಈ ಮಗು 2020ರ ಡಿಸೆಂಬರಿನಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ದೂರು ಕೊಟ್ಟಾಗ ತಂದೆಗೆ ಸಿಕ್ಕ ಸಲಹೆ, ಮೇಲೆ ಬಣ್ಣ ಬಳಿಯಿರಿ ಅಂತ. ಮನೆಯ ಬೂಸ್ಟೇ ಸಾವಿಗೆ ಕಾರಣ ಅಂತ 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಮಾನ ಕೊಟ್ಟರು. ಆಮೇಲೆ ಅವನ ಹೆಸರಿನಲ್ಲೇ ಕಾನೂನು ಬಂತು: ಸಾಮಾಜಿಕ ವಸತಿಯ ಮಾಲೀಕರು ತೇವ, ಬೂಸ್ಟಿನ ದೂರನ್ನ ಗಡುವಿನೊಳಗೆ ಸರಿಪಡಿಸಲೇಬೇಕು. ತೇವ ಮತ್ತು ಬೂಸ್ಟಿಗೂ ಆಸ್ತಮಾ, ಕೆಮ್ಮಿಗೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮಲ್ಲಿ ಶೆಡ್ಡಿನ ಬಾಡಿಗೆ ವಸೂಲಿ ಮಾಡೋನು ಥರ್ಮಾಕೋಲ್ ಅಂಟಿಸಿ ಬಾಡಿಗೆ ಏರಿಸ್ತಾನೆ, ಅದರ ಹಿಂದೆ ಬೆಳೆದದ್ದನ್ನ ಉಸಿರಾಡೋನು ಬಾಡಿಗೆದಾರ. ಕೆಮ್ಮು ಬಂದ್ರೆ 'ಹವಾಮಾನ ಒಗ್ಗಿಲ್ಲ' ಅಂತಾರೆ.

ಹಾಗಾದ್ರೆ ಮಾಡೋದೇನು?

ಅತ್ಯಂತ ಅಗ್ಗದ, ಅತ್ಯಂತ ಸರಿಯಾದ ದಾರಿ ತಗಡಿನ ಕೆಳಗೆ ಅಲ್ಲ, ಮೇಲೆ. ತಗಡಿನ ಮೇಲೆ ಮುಕ್ಕಾಲು, ಒಂದು ಅಡಿ ಬಿಟ್ಟು ಚಪ್ಪರ ಹಾಕಿ, ಶೇಡ್ ನೆಟ್ ಎಳೆಯಿರಿ, ಅಥವಾ ಹೆಣೆದ ಮಡ್ಲು ಹಾಸಿ. ಹಗಲು ಬಿಸಿಲು ತಗಡಿಗೆ ಮುಟ್ಟಲ್ಲ. ರಾತ್ರಿ ತಗಡು ಆಕಾಶವನ್ನ 'ನೋಡಲ್ಲ', ಹಾಗಾಗಿ ಗಾಳಿಗಿಂತ ತಣ್ಣಗಾಗಲ್ಲ. ಒಂದೇ ಕೆಲಸಕ್ಕೆ ಸೆಖೆಯೂ ಹನಿಯೂ ಎರಡೂ ಇಳಿಯುತ್ತೆ, ಮತ್ತು ತೇವ ಸಿಕ್ಕಿಹಾಕಿಕೊಳ್ಳುವ ಸಂದಿಯೇ ಹುಟ್ಟಲ್ಲ. ಬಸಳೆ ಚಪ್ಪರ ಹಾಕೋದು ಗೊತ್ತಿರೋ ಜಿಲ್ಲೆಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಒಣ ಮಡ್ಲಿಗೆ ಬೆಂಕಿಯ ಭಯ ಇದೆ, ಒಲೆಯ ಹೊಗೆಗೂಡಿನಿಂದ ದೂರ ಇರಲಿ. ಮಳೆಗೆ ಮುಂಚೆ ಇಳಿಸಿಬಿಡಿ, ಕೊಳೆತ ಮಡ್ಲು ತಗಡಿನ ಮೇಲೆ ಕೂತರೆ ತುಕ್ಕು ಖಂಡಿತ.

ಹಂಚು ಇನ್ನೂ ಇದ್ದರೆ ಇಳಿಸಬೇಡಿ. ಅದರ ಮೇಲೆ ಅಂತರ ಬಿಟ್ಟು ಶೀಟು ಹಾಕಿಸಿ, ಸೂರಿನಲ್ಲೂ ತುದಿಯಲ್ಲೂ ಗಾಳಿ ಓಡಾಡೋಕೆ ತೆರೆದಿಡಿ. ಮಂಗಕ್ಕೂ ಉತ್ತರ, ಸೆಖೆಗೂ ಉತ್ತರ.

ಹೊಸದಾಗಿ ಶೀಟು ಹಾಕಿಸೋದಾದ್ರೆ ಫಾಯಿಲ್ ಇರುವ ಬಬಲ್ ಶೀಟನ್ನ ಪರ್ಲಿನ್ ಮೇಲೆ ಮೊದಲು ಹಾಸಿ, ಆಮೇಲೆ ತಗಡು ಕೂರಿಸಬೇಕು. ಒಂದರ ಮೇಲೊಂದು ಆರು ಇಂಚು ಬರಲಿ, ಜೋಡಣೆಗೆ ಫಾಯಿಲ್ ಟೇಪ್ ಹಚ್ಚಲಿ, ಕೆಳಗಿನ ತುದಿ ಸೂರಿನಾಚೆ ಇಳಿದಿರಲಿ. ಮೇಲೆ ಕಟ್ಟಿದ ಹನಿ ಹೊರಗೆ ಜಾರಿಹೋಗುತ್ತೆ. ಹೊಳೆಯುವ ಮೈ ಕೆಳಮುಖವಾಗಿರಬೇಕು, ಮೇಲ್ಮುಖದ ಮೈಗೆ ಧೂಳು ಕೂತು ವರ್ಷದೊಳಗೆ ಮಂಕಾಗುತ್ತೆ. ಇರುವ ಶೆಡ್ಡಿಗೆ ಕೆಳಗಿಂದ ಸೀಲಿಂಗ್ ಕೊಡೋದಾದ್ರೆ ತಗಡಿಗೆ ಅಂಟಿಸೋಕೆ ಹೋಗಬೇಡಿ. ಕನಿಷ್ಠ ಅರ್ಧ ಅಡಿ ಬಿಟ್ಟು ಸಮತಟ್ಟಾಗಿ ಹೊಡೆಸಿ, ಆ ಅಟ್ಟದ ಜಾಗಕ್ಕೆ ಎರಡೂ ತುದಿಯಲ್ಲಿ ಜಾಲರಿ ಕೊಟ್ಟು ಗಾಳಿ ಬಿಡಿ, ಮೇಲೆ ರಿಡ್ಜಿನಲ್ಲಿ ತೆರಪು ಅಥವಾ ತಿರುಗುವ ಟರ್ಬೊ ವೆಂಟಿಲೇಟರ್ ಇರಲಿ. ಸೀಲಿಂಗಿನಲ್ಲಿ ಬಿಚ್ಚಿ ನೋಡಬಹುದಾದ ಒಂದು ಹಲಗೆ ಇರಲಿ. ಮೂರು ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ.

ಗಾಳಿ ಬಿಡೋದರಿಂದ ಮಳೆಗಾಲದಲ್ಲಿ ಶೆಡ್ಡು ಒಣಗುತ್ತೆ ಅಂತ ಮಾತ್ರ ತಿಳೀಬೇಡಿ. ಹೊರಗಿನ ಗಾಳಿಯೇ ಒದ್ದೆ. ಅದು ಒಳಗೆ ಹುಟ್ಟುವ ತೇವವನ್ನ ಹೊರಗೆ ಸಾಗಿಸುತ್ತೆ, ಅಷ್ಟೇ. ಅಡುಗೆಯನ್ನ ಜಗಲಿಗೆ ಹಾಕಿ, ಬಟ್ಟೆಯನ್ನ ಒಳಗೆ ಒಣಹಾಕಬೇಡಿ. ಇವೆರಡರಿಂದ ಆಗುವಷ್ಟು ಲಾಭ ಯಾವ ದುಬಾರಿ ಶೀಟಿನಿಂದಲೂ ಆಗಲ್ಲ.

ನೆಲದ ಬಗ್ಗೆಯೂ ಹೇಳಬೇಕು. ಮಾಡನ್ನ ಬೈಯೋ ಮುಂಚೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ನೆಲಕ್ಕೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಕೆಳಗೆ ನೀರಿದ್ದರೆ ಅದು ಮಣ್ಣಿನಿಂದ ಏರಿದ ತೇವ. ಮೇಲೆ ನೀರಿದ್ದರೆ ಗಾಳಿಯಿಂದ ಇಳಿದದ್ದು. ಮಣ್ಣಿನಿಂದಾದರೆ ಮಾಡಿಗೆ ಎಷ್ಟು ದುಡ್ಡು ಸುರಿದ್ರೂ ವ್ಯರ್ಥ. ಸುತ್ತ ಚರಂಡಿ ತೆಗೆಸಿ, ಸೂರನ್ನ ಎರಡಡಿ ಮುಂದೆ ಚಾಚಿ, ಪಂಚಾಂಗಕ್ಕೆ ಮಳೆ ರಾಚದ ಹಾಗೆ ಮಾಡಿ. ಹೊಸ ನೆಲವಾದರೆ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಇಡೀ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಯಾವ ಅನುಮಾನವೂ ಇಲ್ಲದೆ ಸರಿಯಾಗುವ ಜಾಗ ಅದೊಂದೇ.

ಇವೆಲ್ಲಕ್ಕೂ ಕಾಲ ಜನವರಿ ಕೊನೆಯಿಂದ ಏಪ್ರಿಲ್ ಒಳಗೆ. ಗಾರೆ ಹಸಿಯಿರುವಾಗ, ರೀಪು ಒದ್ದೆಯಿರುವಾಗ ಸೀಲಿಂಗ್ ಹೊಡೆದರೆ ಆ ನೀರನ್ನ ನೀವೇ ಒಳಗೆ ಕೂಡಿಹಾಕಿದ ಹಾಗೆ. ಸಾರಣೆ ಮಾಡಿಸಿ ಒಂದು ತಿಂಗಳಾದರೂ ಬಿಸಿಲು ಗಾಳಿಗೆ ಬಿಡಿ. ಗುತ್ತಿಗೆದಾರ 'ಮಳೆ ಬರೋದರೊಳಗೆ ಮುಗಿಸಿಬಿಡೋಣ' ಅಂತ ಮೇ ಕೊನೆಯ ವಾರದಲ್ಲಿ ಥರ್ಮಾಕೋಲ್ ಹೊತ್ತುಕೊಂಡು ಬಂದರೆ, ಚಹಾ ಕೊಟ್ಟು ದೀಪಾವಳಿ ಕಳೆದ ಮೇಲೆ ಬರೋಕೆ ಹೇಳಿ.